ಹಿತ್ತಿಲಿಗೆ ಎಂಥ ಹಾಟ್ ಟಬ್?

ಪ್ರಶ್ನೆ: ಕಾಪುವಿನ ಮನೆಯಲ್ಲಿ ನಾವು ಗಂಡ ಹೆಂಡತಿ ಇಬ್ಬರೇ ಇರುವುದು. ಕಡಲಿಗೆ ಹತ್ತು ನಿಮಿಷದ ನಡಿಗೆ. ಇಬ್ಬರಿಗೂ ಅರುವತ್ತು ದಾಟಿದೆ, ಇಬ್ಬರಿಗೂ ಮೊಣಕಾಲು ನೋವು. ಕಳೆದ ಡಿಸೆಂಬರಿನಲ್ಲಿ ಒಂದು ರೆಸಾರ್ಟಿನ ಹಾಟ್ ಟಬ್ಬಿನಲ್ಲಿ ಕಾಲು ಗಂಟೆ ಕುಳಿತಿದ್ದೆವು, ತುಂಬ ಹಿತವೆನಿಸಿತು. ಮಸ್ಕತ್ತಿನಲ್ಲಿರುವ ಮಗ ಹಿತ್ತಿಲಲ್ಲಿ ಚಿಕ್ಕದೊಂದು ಹಾಕಿಸೋಣ ಎನ್ನುತ್ತಿದ್ದಾನೆ. ಎರಡು ಬಗೆ ನೋಡಿದ್ದೇವೆ, ಎರಡರಲ್ಲೂ 800 ಲೀಟರ್ ನೀರು ಹಿಡಿಯುತ್ತದೆ. ಗಾಳಿ ತುಂಬಿಸುವ ಬಗೆಗೆ 1.5 ಕಿಲೋವ್ಯಾಟ್ ಹೀಟರ್, ಗಟ್ಟಿ ಮೈಯ ಬಗೆಗೆ 3 ಕಿಲೋವ್ಯಾಟ್ ಹೀಟರ್. ಮೊದಲನೆಯದಕ್ಕೆ ಅರ್ಧ ಕರೆಂಟು ಸಾಕಲ್ಲವೇ? ಹಳೆಯ ಬಚ್ಚಲು ಕೊಟ್ಟಿಗೆ ಕೆಡವಿ ಅದೇ ಜಾಗದಲ್ಲಿ ಇಡಬಹುದೇ? ಈ ವಯಸ್ಸಿನಲ್ಲಿ ಇಂಥ ಆಸೆ ಸರಿಯೇ ಎಂಬ ಸಂಕೋಚದಿಂದಲೇ ಕೇಳುತ್ತಿದ್ದೇನೆ.

ಉತ್ತರ: ಸಂಕೋಚ ಬೇಡ. ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಟಬ್ ಕೊಂಡು ಎರಡು ಬಿಲ್ ಬಂದ ಮೇಲೆ ಕೇಳುವವರೇ ಹೆಚ್ಚು. ಬಿಸಿನೀರಿನಲ್ಲಿ ಕುಳಿತು ಕೀಲುನೋವಿಗೆ ಸಮಾಧಾನ ಕಂಡುಕೊಳ್ಳುವುದು ಹಳೆಯ ಉಪಾಯ. ಪುತ್ತೂರು ತಾಲೂಕಿನ ಇರ್ದೆ ಗ್ರಾಮದಲ್ಲಿ ಬೆಂದ್ರು ತೀರ್ಥವೆಂಬ ಬಿಸಿನೀರಿನ ಬುಗ್ಗೆ ಇದೆ, ಜನ ಅಲ್ಲಿಗೆ ಮಿಂದು ಬರಲೆಂದೇ ಹೋಗುತ್ತಿದ್ದರು. ಇಂದಿನ ಗುಳ್ಳೆ ಚಿಮ್ಮುವ ಟಬ್ಬಿನ ಹಿಂದೆಯೂ ಕೀಲುನೋವಿನ ಕತೆಯೇ ಇದೆ. ಜಕೂಜಿ ಎಂಬುದು ಇಟಲಿಯಿಂದ ಅಮೆರಿಕಕ್ಕೆ ಹೋಗಿ ಪಂಪು ತಯಾರಿಸುತ್ತಿದ್ದ ಒಂದು ಮನೆತನದ ಹೆಸರು. ಆ ಮನೆಯ ಒಬ್ಬ ಬಾಲಕನಿಗೆ ಸಂಧಿವಾತವಿತ್ತು. ಅವನ ತಂದೆ ಸ್ನಾನದ ತೊಟ್ಟಿಯಲ್ಲಿ ಇಡಬಹುದಾದ ಸಣ್ಣ ಪಂಪೊಂದನ್ನು ರೂಪಿಸಿದರು, 1956ರಲ್ಲಿ ಅದು ಮಾರುಕಟ್ಟೆಗೆ ಬಂತು. ಆದ್ದರಿಂದ ನಿಮ್ಮ ಆಸೆಯಲ್ಲಿ ಅಸಹಜವಾದದ್ದು ಏನೂ ಇಲ್ಲ.

ನಿಮ್ಮ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಮೊದಲು ಅದನ್ನು ಬಿಡಿಸಿಕೊಳ್ಳೋಣ. 1.5 ಕಿಲೋವ್ಯಾಟ್ ಹೀಟರ್ ಅರ್ಧ ಕರೆಂಟು ತಿನ್ನುತ್ತದೆಯೇ? ಗಂಟೆಯ ಲೆಕ್ಕದಲ್ಲಿ ಹೌದು, ಒಟ್ಟು ಲೆಕ್ಕದಲ್ಲಿ ಇಲ್ಲ. ಬಹಳ ಜನ ಇಲ್ಲಿ ಎಡವುತ್ತಾರೆ, ಎಡವುವುದು ಸಹಜವೂ ಹೌದು. ಕಿಲೋವ್ಯಾಟ್ ಎಂದರೆ ಕರೆಂಟು ಎಷ್ಟು ರಭಸದಿಂದ ಖರ್ಚಾಗುತ್ತದೆ ಎಂಬುದರ ಅಳತೆ. ಮೆಸ್ಕಾಂ ಬಿಲ್ಲಿನಲ್ಲಿ ಬರುವ ಯೂನಿಟ್ ಎಂದರೆ ಒಟ್ಟು ಎಷ್ಟು ಖರ್ಚಾಯಿತು ಎಂಬುದರ ಅಳತೆ. ಬಾವಿಯಿಂದ ಕೊಡಪಾನದಲ್ಲಿ ಸೇದಿದರೂ ಚೊಂಬಿನಲ್ಲಿ ಸೇದಿದರೂ ತೊಟ್ಟಿ ತುಂಬಲು ಬೇಕಾದ ನೀರು ಒಂದೇ. ಚೊಂಬಿನಲ್ಲಿ ಸೇದುವವನು ಹೆಚ್ಚು ಹೊತ್ತು ನಿಲ್ಲಬೇಕು, ಅಷ್ಟೇ.

ಲೆಕ್ಕ ಸುಲಭವಿದೆ, ಕಾಗದ ಪೆನ್ನು ತೆಗೆದುಕೊಳ್ಳಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಒಂದು ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ ಕರೆಂಟಿನಿಂದ 860 ಕಿಲೋ ಕ್ಯಾಲೊರಿ ಸಿಗುತ್ತದೆ. ನಮ್ಮ ಕಡೆಯ ಬಾವಿ ನೀರು ವರ್ಷದ ಹೆಚ್ಚಿನ ಕಾಲ 27 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಕುಳಿತುಕೊಳ್ಳಲು 39 ಡಿಗ್ರಿ ಸಾಕು. ಅಂದರೆ 12 ಡಿಗ್ರಿ ಏರಬೇಕು. 800 ಲೀಟರಿಗೆ 9600 ಕಿಲೋ ಕ್ಯಾಲೊರಿ, ಅಂದರೆ 11 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. 3 ಕಿಲೋವ್ಯಾಟ್ ಹೀಟರ್ ಇದನ್ನು ನಾಲ್ಕು ಗಂಟೆಯೊಳಗೆ ಮುಗಿಸುತ್ತದೆ, 1.5 ಕಿಲೋವ್ಯಾಟಿನದು ಏಳೂವರೆ ಗಂಟೆ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತೂ ಬೆಚ್ಚಗಾಗುತ್ತಿರುವ ನೀರು ಗಾಳಿಗೆ ಶಾಖ ಬಿಟ್ಟುಕೊಡುತ್ತಲೇ ಇರುವುದರಿಂದ ಸಣ್ಣ ಹೀಟರಿಗೆ ಒಟ್ಟಿನಲ್ಲಿ ಒಂದಿಷ್ಟು ಹೆಚ್ಚೇ ಕರೆಂಟು ಬೇಕಾಗುತ್ತದೆ. ಸಣ್ಣ ಹೀಟರಿನಿಂದ ಲಾಭವಿರುವುದು ಮನೆಯ ವಯರಿಂಗಿಗೆ. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇರುವ ಮನೆಯಲ್ಲಿ ಇನ್ನೊಂದು 3 ಕಿಲೋವ್ಯಾಟ್ ಹೀಟರ್ ಹಾಕುವುದಾದರೆ ಲೋಡ್ ಹೆಚ್ಚಿಸಿಕೊಳ್ಳಬೇಕಾಗುತ್ತದೆ.

ಹಾಗಾದರೆ ಟಬ್ ಆರಿಸುವಾಗ ನೋಡಬೇಕಾದದ್ದು ಏನು? ಗೀಸರ್ ಕೊಳ್ಳುವಾಗ ನಕ್ಷತ್ರ ಎಣಿಸಿ ಕೊಳ್ಳುತ್ತೇವೆ. ಹಾಟ್ ಟಬ್ಬಿಗೆ ಆ ಬಗೆಯ ಸ್ಟಾರ್ ಲೇಬಲ್ ಇಲ್ಲ, ನಾವೇ ಪರೀಕ್ಷಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಮುಖ್ಯವಾದವು ಮೂರು: ಎಷ್ಟು ನೀರು, ಎಂಥ ಮುಚ್ಚಳ, ಶಾಖ ಎಲ್ಲಿಂದ ಬರುತ್ತದೆ. ಹೀಟರಿನ ವ್ಯಾಟು, ಬಣ್ಣದ ದೀಪ, ಜೆಟ್ಟುಗಳ ಸಂಖ್ಯೆ ಎಲ್ಲವೂ ಇವುಗಳ ನಂತರ.

ನೀರಿನ ಪ್ರಮಾಣದಿಂದ ತೊಡಗೋಣ. ನಿಮಗೆ ನಿಜವಾಗಿ 800 ಲೀಟರ್ ಬೇಕೇ? ಇಬ್ಬರು ಎದುರೆದುರು ಕಾಲು ಚಾಚಿ ಕೂರಲು ಅಷ್ಟು ಬೇಕು. ಮೊಣಕಾಲಿಗೆ ಹಿತವಾಗಲು ಬೇಕಾದದ್ದು ಉದ್ದವಲ್ಲ, ಆಳ. ಎದೆಯ ಮಟ್ಟದ ನೀರಿನಲ್ಲಿ ಇರುವಾಗ ಮೈಭಾರದ ಹೆಚ್ಚಿನ ಪಾಲನ್ನು ನೀರೇ ಹೊರುತ್ತದೆ, ಕೀಲು ಸಡಿಲವಾಗುತ್ತದೆ. ಜಪಾನಿನ ಮನೆಗಳಲ್ಲಿ ಒಫುರೊ ಎಂಬ ತೊಟ್ಟಿ ಇರುತ್ತದೆ. ಅಗಲ ಕಡಿಮೆ, ಆಳ ಹೆಚ್ಚು, ಒಬ್ಬರು ಮಂಡಿ ಮಡಿಸಿ ಕೂರುವಷ್ಟು. ಅವರು ಮೊದಲು ಹೊರಗೆ ಸೋಪು ಹಚ್ಚಿ ಮೈ ತೊಳೆದುಕೊಂಡು, ಆಮೇಲೆ ಶುಚಿಯಾದ ಮೈಯಲ್ಲಿ ತೊಟ್ಟಿಗೆ ಇಳಿಯುತ್ತಾರೆ. ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಅದೇ ನೀರಿನಲ್ಲಿ ಕೂರುತ್ತಾರೆ, ನಡುವೆ ಮುಚ್ಚಳ ಹಾಕಿಡುತ್ತಾರೆ. ಈ ಕ್ರಮ ನಿಮಗೆ ಹೊಂದುತ್ತದೆ. ಮೂರು ಅಡಿ ವ್ಯಾಸ, ಎರಡು ಅಡಿಗಿಂತ ಸ್ವಲ್ಪ ಹೆಚ್ಚು ನೀರು, ಒಳಗೆ ಗಿಡ್ಡ ಆಸನ. ಇಂಥ ತೊಟ್ಟಿಗೆ ಸುಮಾರು 350 ಲೀಟರ್ ಸಾಕು. ಅದನ್ನು 27ರಿಂದ 39 ಡಿಗ್ರಿಗೆ ತರಲು 5 ಯೂನಿಟ್ ಶಾಖ ಬೇಕು. 11 ಎಲ್ಲಿ, 5 ಎಲ್ಲಿ? ಯಾವ ದುಬಾರಿ ಯಂತ್ರವೂ ಇಷ್ಟು ಉಳಿಸಿಕೊಡುವುದಿಲ್ಲ. ಮೊಣಕಾಲು ನೋವಿರುವವರಿಗೆ ಹತ್ತಿ ಇಳಿಯುವುದೇ ಕಷ್ಟವಾಗಬಾರದು, ಆದ್ದರಿಂದ ತೊಟ್ಟಿಯನ್ನು ಅರ್ಧ ನೆಲದೊಳಗೆ ಇಳಿಸಿ, ಎರಡು ಮೆಟ್ಟಿಲು ಕಟ್ಟಿಸಿ, ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸಿ.

ಇನ್ನು ಮುಚ್ಚಳ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ಯಾರೂ ಇದರ ಮಾತೆತ್ತುವುದಿಲ್ಲ.

ಕಾರ್ಕಳದ ಹತ್ತಿರದ ನನ್ನ ಅಜ್ಜಿಮನೆಯಲ್ಲಿ ಬಚ್ಚಲಿನ ತಾಮ್ರದ ಹಂಡೆಗೆ ಹಲಸಿನ ಮರದ ಮುಚ್ಚಲು ಇತ್ತು. ಹೊರಮೈ ಹೊಗೆ ಹಿಡಿದು ಕಪ್ಪಾಗಿತ್ತು. ಎತ್ತಿದರೆ ಒಳಮೈ ತುಂಬ ಸಾಸಿವೆಯಷ್ಟು ದಪ್ಪದ ನೀರ ಹನಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಓರೆ ಮಾಡಿದ ಕೂಡಲೇ ಎಲ್ಲ ಒಟ್ಟಿಗೆ ಹರಿದು ಹಂಡೆಗೇ ಬೀಳುತ್ತಿದ್ದವು. ನಾವು ಮಕ್ಕಳು ಚೊಂಬಿನಲ್ಲಿ ನೀರು ತೆಗೆದು ಮುಚ್ಚಲು ಹಾಕದೆ ಓಡಿದರೆ ಅಜ್ಜಿ ಅಡುಗೆಮನೆಯಿಂದಲೇ ಗದರುತ್ತಿದ್ದರು, "ಮುಚ್ಚಲು ಯಾರು ತೆಗೆದದ್ದು? ನೀರು ಆರ್ತದೆ!" ಆ ಗದರಿಕೆಯ ಹಿಂದಿನ ಲೆಕ್ಕ ನನಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು. ಬಿಸಿನೀರು ಶಾಖ ಕಳೆದುಕೊಳ್ಳುವುದು ಮುಖ್ಯವಾಗಿ ಗೋಡೆಯ ಮೂಲಕವಲ್ಲ, ಮೇಲ್ಮೈಯಿಂದ ಆವಿಯಾಗುವುದರ ಮೂಲಕ. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಅದರೊಂದಿಗೆ ಸುಮಾರು 0.67 ಯೂನಿಟ್ ಶಾಖ ಹೋಗುತ್ತದೆ. ನೀವು ನೋಡಿದ 800 ಲೀಟರಿನ ಟಬ್ಬನ್ನು 40 ಡಿಗ್ರಿಯಲ್ಲಿ ಮುಚ್ಚದೆ ಬಿಟ್ಟರೆ, ಗಾಳಿಯಾಡದ ರಾತ್ರಿಯಲ್ಲೂ ಗಂಟೆಗೆ ಸುಮಾರು ಒಂದು ಲೀಟರ್ ಆವಿಯಾಗುತ್ತದೆ. ಹತ್ತು ಗಂಟೆಗೆ ಆರೇಳು ಯೂನಿಟ್. ಕಡಲ ಗಾಳಿ ಬೀಸಿದರೆ ಇನ್ನೂ ಹೆಚ್ಚು. ಮುಚ್ಚಳ ಬಿಗಿಯಾಗಿದ್ದರೆ ಆವಿ ಅದಕ್ಕೇ ತಾಗಿ ಹನಿಯಾಗಿ ಮರಳುತ್ತದೆ, ತಂದ ಶಾಖದಲ್ಲಿ ಹೆಚ್ಚಿನ ಪಾಲು ಒಳಗೇ ಉಳಿಯುತ್ತದೆ.

ನಂಬಿಕೆ ಬರಬೇಕಾದರೆ ನೀವೇ ಮಾಡಿ ನೋಡಿ. ಎರಡು ಒಂದೇ ಅಳತೆಯ ಬಕೆಟ್ಟಿಗೆ ಒಂದೇ ಬಿಸಿಯ ನೀರು ಹಾಕಿ. ಒಂದರ ಬಾಯಿಗೆ ತಟ್ಟೆಯೋ ಅಡಿಕೆ ಹಾಳೆಯೋ ಮುಚ್ಚಿ, ಇನ್ನೊಂದನ್ನು ತೆರೆದಿಡಿ. ಒಂದು ಗಂಟೆ ಬಿಟ್ಟು ಎರಡರಲ್ಲೂ ಕೈ ಅದ್ದಿ.

ಹೊರದೇಶದ ಪುಸ್ತಿಕೆಗಳಲ್ಲಿ ಗೋಡೆಯ ಒಳಗಿನ ಫೋಮ್ ಎಷ್ಟು ದಪ್ಪ ಎಂಬುದನ್ನೇ ದೊಡ್ಡದಾಗಿ ಹೇಳಿರುತ್ತಾರೆ. ಅದು ಹಿಮ ಬೀಳುವ ಊರಿನ ಮಾತು. ಅಲ್ಲಿ ಹೊರಗೆ ಸೊನ್ನೆ ಡಿಗ್ರಿ, ಒಳಗೆ 40. ನಮ್ಮಲ್ಲಿ ಆ ಅಂತರ 12ರಿಂದ 15 ಡಿಗ್ರಿ ಮಾತ್ರ, ಆದ್ದರಿಂದ ಅಂಗುಲಗಟ್ಟಲೆ ಫೋಮಿಗೆ ಹಣ ಸುರಿಯಬೇಕಿಲ್ಲ. ಹಾಗೆಂದು ಗಾಳಿ ತುಂಬಿಸುವ ತೆಳು ಮೈಯ ಟಬ್ ನಡೆಯುತ್ತದೆ ಎಂದಲ್ಲ. ಮುಚ್ಚಿಟ್ಟರೂ ಅದನ್ನು ಸದಾ ಬಿಸಿಯಾಗಿಡಲು ನನ್ನ ಅಂದಾಜಿನಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಬೇಕು, ತಿಂಗಳಿಗೆ 120. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಯಾದರೆ ಇದು ಗಂಭೀರ ವಿಷಯ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಾದ ಪಾಲಿಗೆ ಮಾತ್ರವಲ್ಲ, ಆ ತಿಂಗಳ ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕಾಗುತ್ತದೆ.

ಸದಾ ಬಿಸಿಯಾಗಿಡುವುದು ಒಳ್ಳೆಯದೋ, ಬೇಕಾದಾಗ ಕಾಯಿಸುವುದೋ ಎಂದು ಮಣಿಪಾಲದ ಓದುಗರೊಬ್ಬರು ಹಿಂದೆ ಕೇಳಿದ್ದರು. ಬೇಕಾದಾಗ ಕಾಯಿಸುವುದೇ ಒಳ್ಳೆಯದು. ಆರಿದ ನೀರಿಗೂ ಸುತ್ತಲಿನ ಗಾಳಿಗೂ ನಡುವಿನ ಅಂತರ ಕಡಿಮೆಯಾದಷ್ಟೂ ಶಾಖ ಸೋರುವುದು ಕಡಿಮೆಯಾಗುತ್ತದೆ.

ಈಗ ಮೂರನೆಯದು, ಶಾಖದ ಮೂಲ. ನಿಮ್ಮ ಮನೆಯಿಂದ ಪಡುಬಿದ್ರಿ ಕಡೆ ಹೋಗುವಾಗ ಎಲ್ಲೂರು-ನಂದಿಕೂರಿನ ಉಷ್ಣ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿ ನೋಡಿರುತ್ತೀರಿ. 600 ಮೆಗಾವ್ಯಾಟಿನ ಎರಡು ಘಟಕಗಳು, ಹಡಗಿನಲ್ಲಿ ಬರುವ ವಿದೇಶಿ ಕಲ್ಲಿದ್ದಲು. ಅಲ್ಲಿ ಕಲ್ಲಿದ್ದಲಿನ ಬೆಂಕಿಯಿಂದ ನೀರು ಕಾಯಿಸಿ ಉಗಿ ಮಾಡುತ್ತಾರೆ, ಉಗಿಯಿಂದ ಕರೆಂಟು ಮಾಡುತ್ತಾರೆ. ಈ ದಾರಿಯಲ್ಲಿ ಬೆಂಕಿಯ ಶಾಖದ ಅರ್ಧಕ್ಕಿಂತ ಹೆಚ್ಚು ಪಾಲು ಸೋರಿಹೋಗುತ್ತದೆ. ಉಳಿದ ಕರೆಂಟನ್ನು ತಂತಿಯಲ್ಲಿ ತಂದು ನಾವು ಮನೆಯಲ್ಲಿ ಪುನಃ ನೀರನ್ನೇ ಕಾಯಿಸುತ್ತೇವೆ. ದೀಪಕ್ಕೆ, ಪಂಪಿಗೆ, ಫ್ಯಾನಿಗೆ ಕರೆಂಟು ಬೇಕೇ ಬೇಕು. ನೀರನ್ನು 39 ಡಿಗ್ರಿಗೆ ತರಲು ಅಷ್ಟು ಬೆಲೆಯುಳ್ಳ ಪದಾರ್ಥ ಬೇಕಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಬಿಸಿಲು ಇದೆ. ತಾರಸಿಯ ಮೇಲಿನ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಒಳ್ಳೆಯ ಬಿಸಿಲಿನ ದಿನ ಸಂಜೆಯ ಹೊತ್ತಿಗೆ 60 ಡಿಗ್ರಿಯ ನೀರು ಕೊಡುತ್ತದೆ ಎಂದಿಟ್ಟುಕೊಳ್ಳಿ. ಅಷ್ಟು ಬಿಸಿಯಲ್ಲಿ ಕೂರಲಾಗದು, ತಣ್ಣೀರು ಬೆರೆಸಲೇಬೇಕು. 350 ಲೀಟರಿನ ನಿಮ್ಮ ತೊಟ್ಟಿಗೆ ಬಿಸಿನೀರು ಎಷ್ಟು ಬೇಕು? ಸುಮಾರು 127 ಲೀಟರ್. ಉಳಿದ 223 ಲೀಟರ್ ಬಾವಿಯ ತಣ್ಣೀರು. ತೊಟ್ಟಿ ತುಂಬಿದ ಮೇಲೂ ಸೋಲಾರ್ ಟ್ಯಾಂಕಿನಲ್ಲಿ ಮರುದಿನದ ಸ್ನಾನಕ್ಕೆ 70 ಲೀಟರ್ ಉಳಿಯುತ್ತದೆ. ಕರೆಂಟಿನ ಖರ್ಚು ಬಾವಿಯ ಪಂಪಿನದು ಮಾತ್ರ. ಹಾಟ್ ಟಬ್ ಎಂದರೆ ಒಳಗೆ ಹೀಟರ್ ಇರಲೇಬೇಕು ಎಂದು ನಾವು ಭಾವಿಸುತ್ತೇವೆ. ಬಿಸಿನೀರು ಹೊರಗಿನಿಂದ ಬಂದರೂ ಅದು ಹಾಟ್ ಟಬ್ಬೇ.

ಮಳೆಗಾಲದಲ್ಲಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರನ್ನು ನಂಬುವಂತಿಲ್ಲ. ಬಿಸಿನೀರಿನಲ್ಲಿ ಕೂರಬೇಕು ಎನಿಸುವುದೂ ಆಗಲೇ. ಇಲ್ಲಿ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿದೆ: ದಯವಿಟ್ಟು ಬಚ್ಚಲು ಕೊಟ್ಟಿಗೆಯನ್ನು ಕೆಡವಬೇಡಿ. ಹಂಡೆ ಸೀಳಿದ್ದರೆ ತಾಮ್ರದ ಪಾತ್ರೆ ಬೆಸೆಯುವವರು ಸರಿ ಮಾಡಿಕೊಡುತ್ತಾರೆ. ಹಿತ್ತಿಲಲ್ಲಿ ನಾಲ್ಕು ತೆಂಗಿನ ಮರ ಇದ್ದರೂ ಮಡಲು, ಕೊತ್ತಳಿಗೆ, ಸಿಪ್ಪೆ, ಗೆರಟೆ ಸಾಕಷ್ಟು ಬೀಳುತ್ತದೆ. ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4000 ಕಿಲೋ ಕ್ಯಾಲೊರಿ ಶಾಖವಿದೆ. ಹಳೆಯ ಒಲೆಯಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ನೀರಿಗೆ ಸೇರುತ್ತದೆ ಎಂದುಕೊಂಡರೂ ನಿಮ್ಮ 350 ಲೀಟರಿಗೆ ಐದಾರು ಕಿಲೋ ಸಾಕು. 60 ಲೀಟರಿನ ಹಂಡೆಯಾದರೆ ಚೆನ್ನಾಗಿ ಕುದಿಬರುವ ಹಾಗೆ ಒಂದು ಸಲ ಕಾಯಿಸಿದರೆ ಹೆಚ್ಚುಕಡಿಮೆ ಸಾಕಾಗುತ್ತದೆ.

ಒಲೆಯನ್ನು ಸ್ವಲ್ಪ ಸುಧಾರಿಸಿದರೆ ಇನ್ನೂ ಕಡಿಮೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದೇ ಅಸ್ತ್ರ ಎಂಬ ಕೇಂದ್ರ ಆರಂಭವಾಯಿತು. ಅಸ್ತ್ರ ಒಲೆ ಎಂಬ ಹೆಸರು ನಿಮ್ಮ ತಲೆಮಾರಿಗೆ ಗೊತ್ತಿರುವುದೇ. ಅದರ ಪಾಠಗಳು ಸರಳ. ಸೌದೆಯ ಕೆಳಗೆ ಜಾಲರಿ ಇರಲಿ, ಗಾಳಿ ಅಡಿಯಿಂದ ಬರಲಿ. ಹಂಡೆಗೂ ಒಲೆಯ ಗೋಡೆಗೂ ನಡುವಿನ ಸಂದು ಎರಡು ಬೆರಳಿನಷ್ಟೇ ಇರಲಿ, ಆಗ ಉರಿ ಹಂಡೆಯ ಮೈಯನ್ನು ಸುತ್ತಿ ಹೋಗುತ್ತದೆ. ಹೊಗೆಗೆ ಚಿಮಣಿ ಇರಲಿ. ಒಲೆಯ ಬಾಯಿ ಅಗಲವಾಗಿ ತೆರೆದಿದ್ದರೆ ಶಾಖವು ಸೌದೆ ಹಾಕುವವರ ಮುಖಕ್ಕೆ ಬಡಿಯುತ್ತದೆಯೇ ಹೊರತು ನೀರಿಗಲ್ಲ. ಒಂದು ಎಚ್ಚರಿಕೆ: ತೊಟ್ಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆಯ ನೀರು. ಈ ಕ್ರಮ ಎಂದೂ ತಪ್ಪಬಾರದು. ವಯಸ್ಸಾದವರು ಕುದಿನೀರಿನ ಬಕೆಟ್ ಹೊತ್ತು ನಡೆಯುವುದೂ ಬೇಡ. ಹಂಡೆಯ ಬುಡಕ್ಕೆ ನಲ್ಲಿ ಕೂರಿಸಿ, ತೊಟ್ಟಿ ಅದಕ್ಕಿಂತ ತಗ್ಗಿನಲ್ಲಿದ್ದರೆ ಪೈಪಿನಲ್ಲಿ ತಾನಾಗಿ ಇಳಿಯುತ್ತದೆ.

ಒಲೆ ಹಚ್ಚುವುದು ಇನ್ನು ನಮ್ಮಿಂದಾಗದು ಎಂದರೆ ಅದೂ ನ್ಯಾಯವಾದ ಮಾತೇ. ಆಗ ಹೀಟ್ ಪಂಪ್ ನೋಡಿ. ಅದು ಫ್ರಿಜ್ಜಿನ ಹಾಗೆ ಕೆಲಸ ಮಾಡುವ ಯಂತ್ರ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ಸೇರಿಸುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಅಥವಾ ಅದಕ್ಕೂ ಹೆಚ್ಚು ಶಾಖ ಸಿಗುತ್ತದೆ. ಚಳಿದೇಶದಲ್ಲಿ ಗಾಳಿ ತಣ್ಣಗಾದಾಗ ಇದರ ಶಕ್ತಿ ಕುಂದುತ್ತದೆ. ಈಜುಕೊಳದ ಹೀಟ್ ಪಂಪುಗಳ ಪುಸ್ತಿಕೆ ತೆರೆದು ನೋಡಿ: 26 ಡಿಗ್ರಿ ಗಾಳಿ, ಶೇಕಡಾ 80 ಆರ್ದ್ರತೆಯಲ್ಲಿ ಪರೀಕ್ಷಿಸಿದ ಅಂಕಿ ಎಂದು ಬರೆದಿರುತ್ತದೆ. ಅದು ಹೆಚ್ಚುಕಡಿಮೆ ನಮ್ಮ ಆಟಿ ತಿಂಗಳ ಹವೆ! ಆದರೆ ಆ ಅಂಕಿ 26 ಡಿಗ್ರಿಯ ನೀರಿಗೆ ಸಂಬಂಧಿಸಿದ್ದು. 39-40 ಡಿಗ್ರಿಗೆ ಕಾಯಿಸುವಾಗ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ. ಕಾಪುವಿನಲ್ಲಿ ಇನ್ನೊಂದು ಕಷ್ಟವಿದೆ, ಉಪ್ಪುಗಾಳಿ. ಹೀಟ್ ಪಂಪಿನ ಹೊರಗಿನ ಅಲ್ಯುಮಿನಿಯಂ ರೆಕ್ಕೆಗಳಿಗೆ ರಕ್ಷಣಾ ಲೇಪ ಇರಲೇಬೇಕು, ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಬೇಕು. ಟಬ್ಬಿನ ಸ್ಕ್ರೂ, ಹಿಡಿಕೆ, ಹೀಟರಿನ ಕೊಳವೆಗಳಿಗೆ 304 ದರ್ಜೆಯ ಸ್ಟೀಲ್ ಸಾಲದು, 316 ಕೇಳಿ. ಕಡಲ ಬದಿಯ ಒಂದು ವಸತಿಗೃಹದಲ್ಲಿ ಒಂದೇ ಮಳೆಗಾಲ ಕಳೆದ ಟಬ್ಬಿನ ಪ್ರತಿ ಸ್ಕ್ರೂವಿನ ಸುತ್ತ ಕಾಫಿ ಬಣ್ಣದ ಕಲೆ ಇಳಿದದ್ದನ್ನು ನಾನು ನೋಡಿದ್ದೇನೆ. ಕಾರ್ಕಳದವರಿಗೆ ಈ ಚಿಂತೆ ಅಷ್ಟಿಲ್ಲ.

ತೊಟ್ಟಿ ಯಾವುದರದ್ದಾಗಬೇಕು? ನೀರಿನ ಟ್ಯಾಂಕಿಗೆ ಬಳಸುವಂಥ ದಪ್ಪ ಪ್ಲಾಸ್ಟಿಕ್ಕಿನ ಎರಡು ಪದರದ್ದು ನನಗೆ ಎಲ್ಲಕ್ಕಿಂತ ಒಳ್ಳೆಯದೆನಿಸುತ್ತದೆ. ತುಕ್ಕು ಹಿಡಿಯುವುದಿಲ್ಲ, ಒರಲೆ ಹತ್ತುವುದಿಲ್ಲ. ಕೆಲವರು ಕಾರ್ಕಳದ ಕಪ್ಪು ಕಲ್ಲಿನಲ್ಲಿ ದೊಡ್ಡ ಮರಿಗೆಯ ಹಾಗೆ ಕಡೆಸುವ ಆಸೆ ಪಡುತ್ತಾರೆ. ನೋಡಲು ಚೆಂದ, ನೂರು ವರ್ಷ ಬಾಳುತ್ತದೆ. ಆದರೆ ಕಲ್ಲು ತಾನೂ ಶಾಖ ಕುಡಿಯುತ್ತದೆ. ತೂಕಕ್ಕೆ ತೂಕ ನೋಡಿದರೆ ನೀರಿನ ಐದನೆಯ ಒಂದು ಪಾಲು. 500 ಕಿಲೋ ಕಲ್ಲು ಎಂದರೆ ಪ್ರತಿ ಸಲವೂ ಹೆಚ್ಚುವರಿ 100 ಲೀಟರ್ ನೀರು ಕಾಯಿಸಿದಷ್ಟು. ವಾರಕ್ಕೆರಡು ಸಲ ಬಳಸುವವರಿಗೆ ಅದು ನಷ್ಟ.

ತಾರಸಿಯ ಮೇಲೆ ಇಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸಣ್ಣ ತೊಟ್ಟಿಯೂ ನೀರು, ಒಬ್ಬರ ಮೈ ಎಲ್ಲ ಸೇರಿ ಮೂರು ಅಡಿ ಜಾಗದ ಮೇಲೆ 450 ಕಿಲೋಗಿಂತ ಹೆಚ್ಚು ಭಾರ ಹಾಕುತ್ತದೆ. ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ ಲೆಕ್ಕದಲ್ಲಿ ಕಟ್ಟಿರುತ್ತಾರೆ. ನೆಲದಲ್ಲೇ, ಜಲ್ಲಿ ಹಾಕಿ ಗಟ್ಟಿಮಾಡಿದ ನಾಲ್ಕಿಂಚಿನ ಕಾಂಕ್ರೀಟಿನ ಮೇಲೆ ಇಡಿ. ಮೇಲೆ ಮಾಡು ಇರಲಿ. ಒಂದೇ ದಿನ 100 ಮಿಲಿಮೀಟರ್ ಮಳೆ ಸುರಿಯುವುದು ನಮ್ಮಲ್ಲಿ ಹೊಸದೇನಲ್ಲ, ತೆರೆದ ತೊಟ್ಟಿಯಾದರೆ ಕಾಯಿಸಿದ್ದೆಲ್ಲ ವ್ಯರ್ಥ. ಬಚ್ಚಲು ಕೊಟ್ಟಿಗೆಯ ಮಾಡನ್ನೇ ಆರು ಅಡಿ ಮುಂದಕ್ಕೆ ಚಾಚಿ, ಒಲೆಯ ಗೋಡೆಯ ಇನ್ನೊಂದು ಮಗ್ಗುಲಿಗೆ ತೊಟ್ಟಿ ಕೂರಿಸಿದರೆ ಪೈಪೂ ಚಿಕ್ಕದಾಗುತ್ತದೆ, ಗೋಡೆಯ ಬೆಚ್ಚಗೂ ಸಿಗುತ್ತದೆ.

ನೀರಿನ ಶುಚಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ದೊಡ್ಡ ಟಬ್ಬಿನಲ್ಲಿ ಅದೇ ನೀರನ್ನು ವಾರಗಟ್ಟಲೆ ಸೋಸಿ ಬಳಸುತ್ತಾರೆ. ಉಗುರುಬೆಚ್ಚಗಿನ ನಿಂತ ನೀರು ರೋಗಾಣುಗಳಿಗೆ ಇಷ್ಟವಾದ ಜಾಗ. ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ತುಂತುರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಕೆಟ್ಟ ನ್ಯುಮೋನಿಯಾ ತರುತ್ತದೆ, ವಯಸ್ಸಾದವರಿಗೆ ಅಪಾಯ ಹೆಚ್ಚು. ಆದ್ದರಿಂದ ಅಲ್ಲಿ ಕ್ಲೋರಿನ್ ಮತ್ತು ಪಿಎಚ್ ಅನ್ನು ಪಟ್ಟಿ ಅದ್ದಿ ನೋಡುತ್ತಲೇ ಇರಬೇಕು. ನಮ್ಮ ಮುರಕಲ್ಲು ನೆಲದ ಬಾವಿ ನೀರು ಸ್ವಲ್ಪ ಆಮ್ಲೀಯ, ಕಡಲ ಬದಿಯ ಕೆಲವು ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪೂ ಏರುತ್ತದೆ. ಹೀಗಾಗಿ ಆ ಹೊಂದಾಣಿಕೆ ಇನ್ನೂ ಕಷ್ಟ. 350 ಲೀಟರಿನ ತೊಟ್ಟಿಯಲ್ಲಿ ಈ ತಲೆನೋವೇ ಇಲ್ಲ. ಹೊಸ ನೀರು ತುಂಬಿಸಿ, ಇಬ್ಬರೂ ಕುಳಿತು ಎದ್ದ ಮೇಲೆ ಆ ದಿನವೇ ಬಿಟ್ಟುಬಿಡಿ. ಸೋಪಿಲ್ಲ, ಕ್ಲೋರಿನ್ ಇಲ್ಲ, ಆರಿದ ನೀರು ನೇರ ತೆಂಗಿನ ಬುಡಕ್ಕೆ. ತೊಟ್ಟಿಯನ್ನು ಒರೆಸಿ ಒಣಗಲು ಬಿಡಿ.

ಏಪ್ರಿಲ್ ಮೇ ತಿಂಗಳಲ್ಲಿ ಬೇಡ. ಬಾವಿ ಬತ್ತುವ ಕಾಲ ಅದು. ಉಡುಪಿ ಮಣಿಪಾಲದ ನಲ್ಲಿ ನೀರು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಬರುತ್ತದೆ, 2019ರ ಬೇಸಿಗೆಯಲ್ಲಿ ಅಲ್ಲಿ ನೀರು ತಳ ಕಂಡದ್ದು ಎಲ್ಲರಿಗೂ ನೆನಪಿದೆ. ಸೆಕೆಯಲ್ಲಿ ಬಿಸಿನೀರಿಗಿಳಿದರೆ ಮೈಗೂ ಹಿತವಲ್ಲ.

ಮೈಯ ವಿಷಯ ಬಂದದ್ದರಿಂದ: 40 ಡಿಗ್ರಿ ಮೀರಬಾರದು, ಕಾಲು ಗಂಟೆಗಿಂತ ಹೆಚ್ಚು ಬೇಡ. ಬಿಪಿ ಮಾತ್ರೆ, ಹೃದಯದ ತೊಂದರೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವುದು ಇವುಗಳಲ್ಲಿ ಯಾವುದಿದ್ದರೂ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಎದ್ದೇಳುವಾಗ ತಲೆ ತಿರುಗಬಹುದು, ಒಬ್ಬರು ನೀರಿನಲ್ಲಿದ್ದಾಗ ಇನ್ನೊಬ್ಬರು ಹತ್ತಿರವಿರಿ. ಹೀಟ್ ಪಂಪಾಗಲಿ ಹೀಟರಾಗಲಿ ಕರೆಂಟಿನ ಯಾವುದೇ ಉಪಕರಣ ತೊಟ್ಟಿಯ ಬಳಿ ಬರುವುದಾದರೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಬೇಡ. ಸಿಡಿಲು ಗುಡುಗಿನ ಹೊತ್ತಿನಲ್ಲಿ ಸ್ವಿಚ್ ತೆಗೆದು ದೂರವಿರಿ.

ಮಗನಿಗೆ ಹೀಗೆ ಬರೆಯಿರಿ: ಗಾಳಿ ತುಂಬಿಸುವುದು ಬೇಡ, 800 ಲೀಟರೂ ಬೇಡ. ಅದೇ ಹಣದಲ್ಲಿ ಒಂದು ಆಳದ ಸಣ್ಣ ತೊಟ್ಟಿ, ಬಿಗಿ ಮುಚ್ಚಳ, ಸೋಲಾರ್ ಇಲ್ಲದಿದ್ದರೆ ಸೋಲಾರ್, ಒಲೆಗೆ ಚಿಮಣಿ. ಕಾಂಕ್ರೀಟಿನ ಕೆಲಸ ಪತ್ತನಾಜೆಗೆ ಮುಂಚೆ ಮುಗಿಯಲಿ, ಮಳೆ ಹಿಡಿದರೆ ಕೆಲಸದವರು ಸಿಗುವುದಿಲ್ಲ. ಅಲ್ಲಿಗೆ ಆಗದಿದ್ದರೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಸಿದ್ಧವಾದರೂ ಸಾಕು. ಹಂಡೆಗೆ ಶೇಡಿಯ ಗೆರೆ ಎಳೆದು ಹೂಬಳ್ಳಿ ಸುತ್ತುವಾಗ ಪಕ್ಕದ ತೊಟ್ಟಿಗೂ ಒಂದು ಸುತ್ತು ಸುತ್ತಿ. ಮೊದಲ ಸಲ ತುಂಬಿಸಿದ ದಿನ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ನೋಡಿ, ಮುಚ್ಚಳ ಹಾಕಿ ಒಂದು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ. ಎರಡೂ ಅಂಕಿಗಳನ್ನು ನನಗೆ ಬರೆದು ತಿಳಿಸಿದರೆ ಸಂತೋಷ.